ತಮ್ಮನೇ ಸಾಕ್ಷಿ, ಅಣ್ಣನೇ ಜಡ್ಜ್: ಜಾನ್ ಮಾರ್ಷಲ್ ಕುರ್ಚಿ ಬಿಟ್ಟಿದ್ದು ಯಾವಾಗ, ಬಿಡದಿದ್ದು ಯಾವಾಗ?

ಅಮೆರಿಕದ ಸುಪ್ರೀಂ ಕೋರ್ಟ್ ಅಂದರೆ ಮೊದಲು ಕೇಳಿಬರುವ ಹೆಸರು ಜಾನ್ ಮಾರ್ಷಲ್ ಅವರದ್ದು. 1801ರಿಂದ 1835ರ ಜುಲೈ 6ರಂದು ತೀರಿಕೊಳ್ಳುವವರೆಗೆ, 34 ವರ್ಷ ಇವರೇ ಅಲ್ಲಿನ ಮುಖ್ಯ ನ್ಯಾಯಮೂರ್ತಿ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟ್ ಹೊಡೆದುಹಾಕಬಹುದು ಎಂಬುದನ್ನು ಗಟ್ಟಿ ಮಾಡಿದವರು ಇವರೇ. ಆದರೆ ಆ ತೀರ್ಪು ಬಂದ ಕೇಸನ್ನು ಇವತ್ತಿನ ಲೆಕ್ಕದಲ್ಲಿ ಇವರು ಕೇಳಲೇಬಾರದಿತ್ತು.

ಮಾರ್ಷಲ್ ಹುಟ್ಟಿದ್ದು 1755ರ ಸೆಪ್ಟೆಂಬರ್ 24ರಂದು, ವರ್ಜೀನಿಯಾದ ಹಳ್ಳಿಗಾಡಲ್ಲಿ. 15 ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಥಾಮಸ್ ಜಮೀನು ಸರ್ವೆ ಮಾಡುತ್ತಿದ್ದವರು. ಬ್ರಿಟಿಷರ ವಿರುದ್ಧ ಯುದ್ಧ ಶುರುವಾದಾಗ ಮಗ ಸೈನ್ಯಕ್ಕೆ ಸೇರಿದ. ಕಾಲೇಜಿಗೆ ಹೋಗಿ ಕಾನೂನು ಪಾಠ ಕೇಳಿದ್ದು ಕೆಲವೇ ತಿಂಗಳು. ಅಷ್ಟರಲ್ಲೇ ವಕೀಲಿಕೆ ಹಿಡಿದು ರಿಚ್ಮಂಡ್‌ನಲ್ಲಿ ಹೆಸರು ಮಾಡಿದರು. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು.

ಚುನಾವಣೆಯಲ್ಲಿ ಸೋತ ಆಡಮ್ಸ್, ಅಧಿಕಾರ ಬಿಡುವ ಮೊದಲು ಮಾರ್ಷಲ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಸುಮಾರು ಒಂದು ತಿಂಗಳು ಇವರ ಕೈಯಲ್ಲಿ ಎರಡೂ ಹುದ್ದೆ. ಅದೇ ಕೊನೇ ದಿನಗಳಲ್ಲಿ ಆಡಮ್ಸ್ ತಮ್ಮ ಪಕ್ಷದ ಹಲವರಿಗೆ ಸಣ್ಣಪುಟ್ಟ ನ್ಯಾಯಾಧಿಕಾರಿ ಹುದ್ದೆ ಕೊಟ್ಟರು. ನೇಮಕ ಪತ್ರಕ್ಕೆ ಸರ್ಕಾರಿ ಮೊಹರು ಹಾಕಿಸಿ ತಲುಪಿಸಬೇಕಾದದ್ದು ಮಾರ್ಷಲ್ ಅವರ ಕೆಲಸ. ಕೆಲವು ಪತ್ರ ಹಂಚಲು ಹೊರಟವರು ಅವರ ತಮ್ಮ ಜೇಮ್ಸ್. ಎಲ್ಲವನ್ನೂ ಒಯ್ಯಲಾಗದೆ ಒಂದಷ್ಟನ್ನು ಆಫೀಸಿಗೇ ವಾಪಸ್ ಕೊಟ್ಟರು.

ಹೊಸ ಸರ್ಕಾರ ಉಳಿದ ಪತ್ರಗಳನ್ನು ಕೊಡಲಿಲ್ಲ. ಪತ್ರ ಸಿಗದ ವಿಲಿಯಂ ಮಾರ್ಬರಿ ಸುಪ್ರೀಂ ಕೋರ್ಟ್‌ಗೆ ಹೋದರು. ಮೊಹರು ಹಾಕಿಸಿದ್ದು ಅಣ್ಣ, ಪತ್ರಗಳ ಬಗ್ಗೆ ಅಫಿಡವಿಟ್ ಕೊಟ್ಟಿದ್ದು ತಮ್ಮ, ಕೇಸ್ ಕೇಳಲು ಕೂತಿದ್ದು ಮತ್ತೆ ಅಣ್ಣ! ಮಾರ್ಷಲ್ ಹಿಂದೆ ಸರಿಯಲಿಲ್ಲ. 1803ರ ಫೆಬ್ರವರಿ 24ರಂದು ತೀರ್ಪು ಕೊಟ್ಟರು. ಹುದ್ದೆ ಮಾರ್ಬರಿಗೆ ಸಲ್ಲಬೇಕು, ಆದರೆ ಅದನ್ನು ಕೊಡಿಸುವ ಅಧಿಕಾರ ಕೋರ್ಟಿಗಿಲ್ಲ, ಆ ಅಧಿಕಾರ ಕೊಟ್ಟ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂಬುದು ಅದರ ಸಾರ. ಅವರ ಪಕ್ಷದವರಿಗೆ ಹುದ್ದೆ ಸಿಗಲಿಲ್ಲ. ಆದರೂ ತಾವೇ ಅರ್ಧಕ್ಕೆ ಬಿಟ್ಟ ಕೆಲಸದ ನ್ಯಾಯವನ್ನು ತಾವೇ ಹೇಳಿದ್ದಂತೂ ನಿಜ.

1807ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಮಾಜಿ ಉಪಾಧ್ಯಕ್ಷ ಆರನ್ ಬರ್ ಮೇಲೆ ದೇಶದ್ರೋಹದ ಕೇಸು. ಶಿಕ್ಷೆ ಆಗಲೇಬೇಕು ಅಂತ ಹಟ ಹಿಡಿದವರು ಅಧ್ಯಕ್ಷ ಥಾಮಸ್ ಜೆಫರ್ಸನ್. ಅವರು ಮಾರ್ಷಲ್‌ಗೆ ತಾಯಿ ಕಡೆಯಿಂದ ದೂರದ ಸಂಬಂಧಿ, ರಾಜಕೀಯದಲ್ಲಿ ಕಡು ವಿರೋಧಿ. ವಿಚಾರಣೆ ಸಮಯದಲ್ಲೇ ಬರ್ ಪರ ವಕೀಲರ ಮನೆ ಊಟಕ್ಕೆ ಮಾರ್ಷಲ್ ಹೋದರು. ಅಲ್ಲಿ ಬರ್ ಕೂಡ ಇದ್ದರು. ಊರೆಲ್ಲ ಆಡಿಕೊಂಡಿತು. ಕೊನೆಗೆ ಬರ್ ಬಿಡುಗಡೆಯಾದರು. ಸಾಕ್ಷ್ಯ ಸಾಲದೆ ಬಂದ ತೀರ್ಪೇ ಇದ್ದರೂ, ಆ ಒಂದು ಊಟ ಅನುಮಾನಕ್ಕೆ ದಾರಿ ಮಾಡಿತು.

ಜಮೀನಿನ ವಿಷಯ ಬಂದಾಗ ಮಾತ್ರ ಮಾರ್ಷಲ್ ಎದ್ದು ಹೋದರು. ಲಾರ್ಡ್ ಫೇರ್‌ಫ್ಯಾಕ್ಸ್ ಎಂಬ ಬ್ರಿಟಿಷ್ ಜಮೀನ್ದಾರನಿಗೆ ವರ್ಜೀನಿಯಾದಲ್ಲಿ ಭಾರಿ ಆಸ್ತಿ ಇತ್ತು. ಆತನ ವಾರಸುದಾರರಿಂದ ಲಕ್ಷಕ್ಕೂ ಹೆಚ್ಚು ಎಕರೆ ಕೊಳ್ಳಲು ಮಾರ್ಷಲ್ ಸಹೋದರರು 1793ರಲ್ಲಿ ಕರಾರು ಮಾಡಿಕೊಂಡಿದ್ದರು. ಅತ್ತ ರಾಜ್ಯ ಸರ್ಕಾರ ಆ ಆಸ್ತಿ ತನ್ನದೆಂದು ಹೇಳಿ ಒಂದು ಭಾಗವನ್ನು ಬೇರೆಯವರಿಗೆ ಕೊಟ್ಟಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟ್‌ಗೆ 1813ರಲ್ಲಿ ಒಮ್ಮೆ, 1816ರಲ್ಲಿ ಇನ್ನೊಮ್ಮೆ ಬಂತು. ಎರಡೂ ಸಲ ಮಾರ್ಷಲ್ ಕೂರಲಿಲ್ಲ. ಜೋಸೆಫ್ ಸ್ಟೋರಿ ತೀರ್ಪು ಬರೆದರು. ವಾರಸುದಾರರ ಪಕ್ಷವೇ ಗೆದ್ದಿತು. ಎರಡನೇ ಸಲದ ಮೇಲ್ಮನವಿ ಅರ್ಜಿ ಮಾರ್ಷಲ್ ಅವರ ಕೈಬರಹದಲ್ಲೇ ಇತ್ತು ಎಂದು ಇತಿಹಾಸಕಾರರು ಮುಂದೆ ಗುರುತಿಸಿದರು. ಅಂದರೆ ಕುರ್ಚಿ ಬಿಟ್ಟರೂ ಕೇಸನ್ನು ಪೂರ್ತಿ ಬಿಟ್ಟಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಮಾರ್ಷಲ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. 1813ರಲ್ಲಿ ಮೀಮಾ ಕ್ವೀನ್ ಎಂಬ ಗುಲಾಮ ಹೆಣ್ಣುಮಗಳು ಬಿಡುಗಡೆ ಕೇಳಿ ಬಂದಾಗ ಅವರು ಹಿಂದೆ ಸರಿಯಲಿಲ್ಲ. ಆಕೆ ತಂದ ಸಾಕ್ಷ್ಯ ಬರೀ ಕೇಳಿದ ಮಾತು ಎಂದು ತಳ್ಳಿಹಾಕಿದ ತೀರ್ಪು ಬರೆದವರೂ ಅವರೇ. ಜಮೀನಿಗೆ ಇದ್ದ ಸಂಕೋಚ ಇಲ್ಲಿ ಕಾಣಲಿಲ್ಲ.

ಆಗ ಎಲ್ಲವೂ ಜಡ್ಜ್ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಕಕ್ಷಿದಾರರ ಜೊತೆ ನಂಟಿದ್ದರೆ ಕೇಸ್ ಕೇಳಬಾರದು ಎಂದು ಅಮೆರಿಕ ತನ್ನ ಕೆಳಹಂತದ ಫೆಡರಲ್ ಜಡ್ಜ್‌ಗಳಿಗೆ 1821ರಲ್ಲಿ ಕಾನೂನು ಮಾಡಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳೂ ಅದರ ವ್ಯಾಪ್ತಿಗೆ ಬಂದದ್ದು 1948ರಲ್ಲಿ, ಮಾರ್ಷಲ್ ತೀರಿಕೊಂಡು 113 ವರ್ಷದ ಮೇಲೆ.

ನಮ್ಮಲ್ಲೂ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 1997ರ ಮೇ 7ರಂದು ನಡತೆಯ ನಿಯಮಗಳನ್ನು ಒಪ್ಪಿಕೊಂಡರು. ಮನೆಯವರು, ಹತ್ತಿರದ ನೆಂಟರು, ಸ್ನೇಹಿತರಿಗೆ ಸಂಬಂಧಪಟ್ಟ ಕೇಸು ಕೇಳಬಾರದು ಎಂಬುದೂ ಅದರಲ್ಲಿದೆ. ಸಂಬಂಧ ಇದೆ ಅನ್ನಿಸಿದರೆ ಕಕ್ಷಿದಾರರು ಅದನ್ನು ಕೋರ್ಟ್ ಮುಂದೆ ಹೇಳಬಹುದು. ಆದರೆ ಸುಪ್ರೀಂ ಕೋರ್ಟ್‌ನಲ್ಲಿ ಏಳಬೇಕೋ ಬೇಡವೋ ಎಂಬುದನ್ನು ಇಂದಿಗೂ ಸಾಮಾನ್ಯವಾಗಿ ತೀರ್ಮಾನಿಸುವುದು ಆ ಕುರ್ಚಿಯಲ್ಲಿ ಕೂತವರೇ. ತಕ್ಕಡಿ ಹಿಡಿದವರೇ ತೂಕ ಸರಿಯಿದೆ ಅನ್ನಬೇಕಾದ ಈ ಕಷ್ಟ, ಮಾರ್ಷಲ್ ಕಾಲದಿಂದ ಪೂರ್ತಿ ಬಗೆಹರಿದಿಲ್ಲ.