ಮೋರ್ಸ್ ಕೀ ಬಿಡದ ಫಿಲಿಪ್ಸ್

ಮನೆ ಬಾಗಿಲಿಗೆ ತಂತಿ ಬಂತು ಅಂದರೆ ಒಡೆದು ಓದುವ ಮೊದಲೇ ಹೆಂಗಸರು ಅಳು ಶುರು ಮಾಡುತ್ತಿದ್ದ ಕಾಲ ಒಂದಿತ್ತು. ತಂತಿ ಅಂದರೆ ಸಾವು, ಇಲ್ಲವೇ ಸೀರಿಯಸ್ಸು. ಅಪರೂಪಕ್ಕೆ ಕೆಲಸದ ಆರ್ಡರು. ಪೋಸ್ಟಾಫೀಸಿನ ಕಿಟಕಿಯಾಚೆ ಕೂತ ತಂತಿ ಗುಮಾಸ್ತ ಹಿತ್ತಾಳೆಯ ಪುಟ್ಟ ಯಂತ್ರವನ್ನು ಕಟಕಟ ಕುಟ್ಟುತ್ತಿದ್ದುದು ಹಳಬರ ಕಿವಿಯಲ್ಲಿ ಇನ್ನೂ ಇದೆ. 2013ರ ಜುಲೈ 14ರಂದು ಕಡೆಯ ತಂತಿ ಬರೆಸಿಕೊಂಡು ನಮ್ಮ ದೇಶದ ತಂತಿ ಸೇವೆ ಕದ ಮುಚ್ಚಿತು. ಆ ಯಂತ್ರ ಅದಕ್ಕಿಂತ ಎಷ್ಟೋ ಮೊದಲೇ ಮೂಲೆ ಸೇರಿತ್ತು.

ಆ ಯಂತ್ರದ ಹೆಸರು ಮೋರ್ಸ್ ಕೀ. ಅದರದೇ ಅಣ್ಣತಮ್ಮಂದಿರು ಹಡಗುಗಳಲ್ಲೂ ಇದ್ದವು. ಸಮುದ್ರದ ಮೇಲೆ ಕಂಬವೂ ಇಲ್ಲ, ತಂತಿಯೂ ಇಲ್ಲ. ಗಾಳಿಯಲ್ಲೇ ಸುದ್ದಿ ಹೋಗಬೇಕು. 1999ರ ಫೆಬ್ರವರಿ 1ರಿಂದ ಉಪಗ್ರಹದ ಹೊಸ ಏರ್ಪಾಟು ಪೂರ್ತಿ ಜಾರಿಗೆ ಬಂದು, ಹಡಗುಗಳಲ್ಲಿ ಮೋರ್ಸ್ ಕುಟ್ಟುವ ಕೆಲಸಕ್ಕೆ ಬೆಲೆಯಿಲ್ಲದಂತಾಯಿತು. ಹಡಗು ಒಡೆಯುವ ಜಾಗದಿಂದ ಗುಜರಿಗೆ ಬಂದ ಕೀಗಳನ್ನು ಇಂಗ್ಲೆಂಡ್, ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಂಡು ಕಪಾಟಿನಲ್ಲಿಡುವ ಹವ್ಯಾಸಿಗಳಿದ್ದಾರೆ. ಮಾರ್ಕೋನಿ ಕಂಪೆನಿಯ 365ನೇ ನಂಬರಿನ ಕೀ ಅಂದರೆ ಅವರಿಗೆ ಎಲ್ಲಿಲ್ಲದ ಆಸೆ. ಹಿತ್ತಾಳೆ ಅಸಲಿಯೇ, ಯಾವ ಹಡಗಿನದು, ಎಷ್ಟು ಸವೆದಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಆದರೆ ಎಲ್ಲಕ್ಕಿಂತ ಹೆಸರಾದ ಕೀ ಯಾರ ಕಪಾಟಿನಲ್ಲೂ ಇಲ್ಲ. ಅದನ್ನು ಕುಟ್ಟಿದ ಕೋಣೆ ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 3,800 ಮೀಟರ್ ಆಳದಲ್ಲಿದೆ. ಹಡಗು ಟೈಟಾನಿಕ್. ಕುಟ್ಟಿದವನು ಜ್ಯಾಕ್ ಫಿಲಿಪ್ಸ್. ವಯಸ್ಸು ಬರೀ ಇಪ್ಪತ್ತೈದು.

ಅಂಗಡಿ ಮೇಲಿನ ಮನೆಯ ಹುಡುಗ

ಫಿಲಿಪ್ಸ್ ರಾಜಮನೆತನದವನಲ್ಲ, ಸಾಹುಕಾರನ ಮಗನೂ ಅಲ್ಲ. ಇಂಗ್ಲೆಂಡಿನ ಸರ್ರೆ ಜಿಲ್ಲೆಯಲ್ಲಿ ಗಾಡಲ್ಮಿಂಗ್ ಎಂಬ ಸಣ್ಣ ಪಟ್ಟಣ. ಅದರ ಪಕ್ಕದ ಫಾರ್ನ್‌ಕೂಮ್‌ನಲ್ಲಿ 1887ರ ಏಪ್ರಿಲ್ 11ರಂದು ಹುಟ್ಟಿದ. ಅಪ್ಪ ಜವಳಿ ಅಂಗಡಿ ನೋಡಿಕೊಳ್ಳುತ್ತಿದ್ದ. ಅಂಗಡಿಯ ಮೇಲೇ ಸಂಸಾರ. ಊರಿನ ಗ್ರಾಮರ್ ಸ್ಕೂಲಿನಲ್ಲಿ ಓದು ಮುಗಿಸಿ, 1902ರಲ್ಲಿ ಅದೇ ಊರಿನ ಪೋಸ್ಟಾಫೀಸಿನಲ್ಲಿ ತಂತಿ ಕೆಲಸಕ್ಕೆ ಸೇರಿದ. ಆಗ ಹದಿನೈದು ವಯಸ್ಸು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕೈಗೆ ಬಂದ ವಿದ್ಯೆ ಅಂದರೆ ಚುಕ್ಕಿ ಗೆರೆಯ ಆ ಮೋರ್ಸ್ ಭಾಷೆ ಒಂದೇ.

1906ರಲ್ಲಿ ಮಾರ್ಕೋನಿ ಕಂಪೆನಿ ಸೇರಿದ. ಲಿವರ್‌ಪೂಲ್ ಹತ್ತಿರ ಐದು ತಿಂಗಳ ತರಬೇತಿ. ಅಲ್ಲಿಂದ ಟ್ಯೂಟಾನಿಕ್ ಎಂಬ ಹಡಗು. ಆಮೇಲೆ ಲೂಸಿಟಾನಿಯಾ, ಮಾರಿಟಾನಿಯಾದಂಥ ದೊಡ್ಡ ದೊಡ್ಡ ಹಡಗುಗಳು. ನಡುವೆ ಮೂರು ವರ್ಷ ಐರ್ಲೆಂಡಿನ ಕ್ಲಿಫ್ಡನ್‌ನಲ್ಲಿದ್ದ ಮಾರ್ಕೋನಿ ಕೇಂದ್ರದಲ್ಲಿ ದುಡಿದ. 1912ರಲ್ಲಿ ಟೈಟಾನಿಕ್‌ಗೆ ಹಿರಿಯ ಆಪರೇಟರ್ ಆಗಿ ನೇಮಕವಾಯಿತು. ಸಹಾಯಕನಾಗಿ ಬಂದವನು ಹೆರಾಲ್ಡ್ ಬ್ರೈಡ್, ಇಪ್ಪತ್ತೆರಡರ ಹುಡುಗ. ಏಪ್ರಿಲ್ 10ಕ್ಕೆ ಹಡಗು ಸೌತಾಂಪ್ಟನ್ ಬಿಟ್ಟಿತು. ಮಾರನೆಯ ದಿನ ಫಿಲಿಪ್ಸ್‌ಗೆ ಇಪ್ಪತ್ತೈದು ತುಂಬಿತು. ಮುಂದೆ ಉಳಿದದ್ದು ನಾಲ್ಕೇ ದಿನ.

ವೈರ್‌ಲೆಸ್ ಅಂಗಡಿ

ಇಲ್ಲೊಂದು ವಿಷಯ ತಿಳಿದಿರಬೇಕು. ಇವರಿಬ್ಬರೂ ಹಡಗಿನಲ್ಲಿದ್ದರೂ ಮಾರ್ಕೋನಿ ಕಂಪೆನಿಯ ನೌಕರರು. ವೈರ್‌ಲೆಸ್ ಕೋಣೆ ಅಂದರೆ ಆಗ ಒಂದು ಅಂಗಡಿ ಇದ್ದ ಹಾಗೆ. ಸಾಹುಕಾರ ಪ್ರಯಾಣಿಕರು ನೆಂಟರಿಗೆ, ದಲ್ಲಾಳಿಗಳಿಗೆ ಸಂದೇಶ ಕಳಿಸುತ್ತಿದ್ದರು. ಮೊದಲ ಹತ್ತು ಪದಕ್ಕೆ ಹನ್ನೆರಡೂವರೆ ಶಿಲಿಂಗ್. ಮೇಲಿನ ಪ್ರತಿ ಪದಕ್ಕೂ ಬೇರೆ ದುಡ್ಡು. ವ್ಯಾಪಾರ ಜೋರು. ಮಂಜುಗಡ್ಡೆ ಇದೆ ಎಂದು ಬೇರೆ ಹಡಗಿನವರು ಕೊಡುವ ಎಚ್ಚರಿಕೆಯಿಂದ ಮಾತ್ರ ಕಾಸು ಹುಟ್ಟುತ್ತಿರಲಿಲ್ಲ.

ಶುಕ್ರವಾರ ರಾತ್ರಿ ಯಂತ್ರ ಕೆಟ್ಟಿತು. ಆಪರೇಟರ್‌ಗಳು ಯಂತ್ರ ಬಿಚ್ಚಬಾರದು, ದಡ ಸೇರುವವರೆಗೆ ಸಣ್ಣ ತುರ್ತು ಯಂತ್ರದಲ್ಲೇ ಸುಧಾರಿಸಬೇಕು ಅನ್ನುವುದು ಕಂಪೆನಿಯ ನಿಯಮ. ಇಬ್ಬರೂ ನಿಯಮ ಪಕ್ಕಕ್ಕಿಟ್ಟು ರಾತ್ರಿಯಿಡೀ ತಡಕಾಡಿ ಶನಿವಾರ ಬೆಳಗಿನ ಜಾವಕ್ಕೆ ರಿಪೇರಿ ಮಾಡಿಯೇ ಬಿಟ್ಟರು. ಅಷ್ಟರಲ್ಲಿ ಸಂದೇಶಗಳು ರಾಶಿ ಬಿದ್ದಿದ್ದವು. ಭಾನುವಾರ ರಾತ್ರಿ ಕೆನಡಾ ಕಡೆಯ ಕೇಪ್ ರೇಸ್ ಕೇಂದ್ರ ಸಿಕ್ಕಿದ ಕೂಡಲೇ ಫಿಲಿಪ್ಸ್ ಬಿಡದೆ ಕುಟ್ಟತೊಡಗಿದ. ಬ್ರೈಡ್ ಮಲಗಿದ್ದ.

ರಾತ್ರಿ 9.40ಕ್ಕೆ ಮೆಸಾಬಾ ಹಡಗಿನಿಂದ ಒಂದು ಎಚ್ಚರಿಕೆ ಬಂತು. ಮಂಜುಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಅಂತ ಅದರಲ್ಲಿ ಲೆಕ್ಕ ಸಮೇತ ಇತ್ತು. ಟೈಟಾನಿಕ್ ಹೊರಟಿದ್ದ ದಾರಿಯೂ ಅದರೊಳಗೇ ಬರುತ್ತಿತ್ತು. ಆ ಚೀಟಿ ಕ್ಯಾಪ್ಟನ್ ಕೈಗೆ ಹೋಗಲಿಲ್ಲ. ಅಂಥ ಸಂದೇಶದ ತಲೆಯಲ್ಲಿ ಇದು ಕ್ಯಾಪ್ಟನ್‌ಗೇ ಮುಟ್ಟಬೇಕು ಅನ್ನುವ ಗುರುತು ಇರಬೇಕಿತ್ತು. ಇದರಲ್ಲಿ ಆ ಗುರುತು ಇರಲಿಲ್ಲ.

ಹನ್ನೊಂದರ ಸುಮಾರಿಗೆ ಇನ್ನೊಂದು. ಹತ್ತಿರದಲ್ಲೇ ಮಂಜುಗಡ್ಡೆಗೆ ಹೆದರಿ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸಿರಿಲ್ ಇವಾನ್ಸ್ ನಡುವೆ ಬಾಯಿ ಹಾಕಿದ. ಹತ್ತಿರದ ಸದ್ದು ಫಿಲಿಪ್ಸ್‌ನ ಕಿವಿಗೆ ಬಡಿದ ಹಾಗಾಗಿ, ಕೇಪ್ ರೇಸ್‌ನ ಕ್ಷೀಣ ಸದ್ದು ಮುಚ್ಚಿಹೋಯಿತು. ಫಿಲಿಪ್ಸ್ ರೇಗಿದ. ಕೆಲಸದಲ್ಲಿದ್ದೇನೆ, ಸುಮ್ಮನಿರು ಎಂದು ಗದರಿದ. ಇವಾನ್ಸ್ ಇನ್ನಷ್ಟು ಹೊತ್ತು ಕಿವಿಗೊಟ್ಟಿದ್ದು, ಆಮೇಲೆ ಯಂತ್ರ ನಿಲ್ಲಿಸಿ ಮಲಗಿದ. ಆ ಹಡಗಿಗೆ ಇದ್ದದ್ದು ಅವನೊಬ್ಬನೇ. ಅವನೂ ಬೆಳಗ್ಗೆಯಿಂದ ದುಡಿದು ದಣಿದಿದ್ದ.

11.40ಕ್ಕೆ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು.

ಕಡೆಯ ಎರಡು ಗಂಟೆ

ಸೋಮವಾರ ನಸುಕಿನ 12.15ರ ಹೊತ್ತಿಗೆ ಕ್ಯಾಪ್ಟನ್ ಸ್ಮಿತ್ ಅಪ್ಪಣೆಯಂತೆ ಫಿಲಿಪ್ಸ್ ಕಾಪಾಡಿ ಎಂಬ ಕರೆ ಶುರು ಮಾಡಿದ. ಮೊದಲು ಕಂಪೆನಿಯ ಹಳೇ ಸಂಕೇತ ಸಿ.ಕ್ಯೂ.ಡಿ. ಆಮೇಲೆ ಹೊಸ ಸಂಕೇತ ಎಸ್.ಓ.ಎಸ್. ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಇದನ್ನು ಕಳಿಸೋಕೆ ಇನ್ನೊಂದು ಅವಕಾಶ ಸಿಗಲಾರದು ಅಂತ ಬ್ರೈಡ್ ತಮಾಷೆ ಮಾಡಿದನಂತೆ. ಇಬ್ಬರೂ ನಕ್ಕರಂತೆ. ವಿಷಯ ಎಷ್ಟು ಗಂಭೀರ ಅನ್ನುವುದು ಇನ್ನೂ ತಲೆಗೆ ಹತ್ತಿರಲಿಲ್ಲ.

ದೂರದ ಹಡಗುಗಳು ಓಗೊಟ್ಟವು. ಬೇಗ ಬರುವೆನೆಂದು ತಿರುಗಿಕೊಂಡದ್ದು 58 ಮೈಲಿ ಆಚೆ ಇದ್ದ ಕಾರ್ಪೇಥಿಯಾ. ಅದರ ಆಪರೇಟರ್ ಹೆರಾಲ್ಡ್ ಕಾಟಮ್ ಮಲಗಲು ಹೊರಟವನು, ಬಟ್ಟೆ ಬಿಚ್ಚುವಾಗಲೂ ಕಿವಿಯಿಂದ ಫೋನು ತೆಗೆದಿರಲಿಲ್ಲ. ಅಷ್ಟರಿಂದಲೇ ಏಳುನೂರಕ್ಕೂ ಹೆಚ್ಚು ಜನರ ಜೀವ ಉಳಿಯಿತು. ಹತ್ತಿರದ ಕ್ಯಾಲಿಫೋರ್ನಿಯನ್‌ನಲ್ಲಿ ಇವಾನ್ಸ್ ಗಾಢ ನಿದ್ದೆಯಲ್ಲಿದ್ದ.

ಎರಡು ಗಂಟೆ ದಾಟಿದ ಮೇಲೆ ಕ್ಯಾಪ್ಟನ್ ಕೋಣೆಗೆ ಬಂದು, ನಿಮ್ಮ ಕೆಲಸ ಮುಗಿಯಿತು, ಇನ್ನು ನಿಮ್ಮ ನಿಮ್ಮ ಪ್ರಾಣ ನೋಡಿಕೊಳ್ಳಿ ಎಂದ. ಫಿಲಿಪ್ಸ್ ಏಳಲಿಲ್ಲ. ವಿದ್ಯುತ್ ಕುಂದುತ್ತಿತ್ತು, ನೀರಿನ ಸದ್ದು ಹತ್ತಿರವಾಗುತ್ತಿತ್ತು. ಆತ ಇನ್ನೂ ಹತ್ತು ನಿಮಿಷದ ಮೇಲೆ ಕುಟ್ಟಿದ. ಬ್ರೈಡ್ ಅವನ ಬೆನ್ನಿಗೆ ಲೈಫ್ ಜಾಕೆಟ್ ಕಟ್ಟಿದ್ದ. ಬಾಯ್ಲರ್ ಕೆಲಸದವನೊಬ್ಬ ಹಿಂದಿನಿಂದ ಬಂದು ಅದನ್ನು ಬಿಚ್ಚಿ ಕದಿಯಲು ಹೊರಟ. ಫಿಲಿಪ್ಸ್‌ಗೆ ಅದರ ಪರಿವೆಯೂ ಇರಲಿಲ್ಲ ಅಂತ ಬ್ರೈಡ್ ಆಮೇಲೆ ಪತ್ರಿಕೆಯವರಿಗೆ ಹೇಳಿದ. 2.17ರ ಸುಮಾರಿಗೆ ಬೇರೊಂದು ಹಡಗಿಗೆ ಕೇಳಿದ ಅರೆಬರೆ ಸದ್ದೇ ಕೊನೆ. 2.20ಕ್ಕೆ ಹಡಗು ಮುಳುಗಿತು. ಸತ್ತವರು ಸುಮಾರು 1,500. ಬ್ರೈಡ್ ಬದುಕಿದ. ಫಿಲಿಪ್ಸ್‌ನ ದೇಹ ಸಿಗಲಿಲ್ಲ.

ತಪ್ಪು ಯಾರದು?

ಊರಿನವರು ಅವನನ್ನು ಮರೆಯಲಿಲ್ಲ. 1914ರಲ್ಲಿ ಗಾಡಲ್ಮಿಂಗ್‌ನ ಚರ್ಚಿನ ಪಕ್ಕ ಅವನ ಹೆಸರಿನಲ್ಲಿ ಅಂಗಳವಿರುವ ಮಂಟಪ ಕಟ್ಟಿಸಿದರು. ಅದು ಒಂದು ಕಡೆ. ಇನ್ನೊಂದು ಕಡೆ, ಅವನು ಆ ಚೀಟಿ ಮುಟ್ಟಿಸಿದ್ದಿದ್ದರೆ, ಇವಾನ್ಸ್‌ನನ್ನು ಗದರದೇ ಇದ್ದಿದ್ದರೆ ಎನ್ನುವ ಮಾತು ನೂರು ವರ್ಷ ದಾಟಿದರೂ ನಿಂತಿಲ್ಲ.

ಮಾತು ಸುಳ್ಳಲ್ಲ. ಆದರೆ ಅರ್ಧ. ಮಂಜುಗಡ್ಡೆಯ ಸುದ್ದಿ ಆ ದಿನ ಬೇರೆ ಹಡಗುಗಳಿಂದಲೂ ಬಂದಿತ್ತು, ಅವುಗಳಲ್ಲಿ ಕೆಲವು ಕ್ಯಾಪ್ಟನ್‌ಗೆ ಮುಟ್ಟಿಯೂ ಇದ್ದವು. ಹಡಗಿನ ವೇಗ ಇಳಿಯಲಿಲ್ಲ. ವಿಪರೀತ ವೇಗವೇ ಕಾರಣ ಎಂದು ಬ್ರಿಟನ್ನಿನ ವಿಚಾರಣೆ ತೀರ್ಮಾನಿಸಿತು. ದೋಣಿಗಳಲ್ಲಿ ಹಿಡಿಯುತ್ತಿದ್ದದ್ದು 1,178 ಜನ, ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ಅದನ್ನು ಲೆಕ್ಕ ಹಾಕಿದವನು ಫಿಲಿಪ್ಸ್ ಅಲ್ಲ. ರಾತ್ರಿ ಪಾಳಿಗೆ ಎರಡನೇ ಆಳು ಇಡದವನೂ ಅವನಲ್ಲ. ಪದಕ್ಕಿಷ್ಟು ಅಂತ ದುಡ್ಡು ಎಣಿಸುವ ಕೆಲಸವನ್ನೂ, ಜೀವ ಉಳಿಸುವ ಕೆಲಸವನ್ನೂ ದಣಿದ ಒಬ್ಬನೇ ಹುಡುಗನ ಕೈಗೆ ಕಟ್ಟಿದವರು ಮೇಲಿನವರು. ಕೈ ತಪ್ಪಿದಾಗ ಹೆಸರು ಕೆಟ್ಟದ್ದು ಕೈಯದು ಮಾತ್ರ.

ಆಮೇಲೆ ಕಾನೂನು ಬಂತು. 1912ರಲ್ಲಿ ಅಮೆರಿಕ, 1914ರ ಜನವರಿಯಲ್ಲಿ ಲಂಡನ್ನಿನ ಒಪ್ಪಂದ, ಹಗಲೂ ರಾತ್ರಿ ಕಿವಿಗೊಡುವ ಆಳು ಇರಬೇಕು ಎಂದವು. ಸಾವಿರದೈನೂರು ಜನ ಸತ್ತ ಮೇಲೆ ಹುಟ್ಟಿದ ನಿಯಮ. ಸೇತುವೆ ಕುಸಿದ ಮೇಲೆ ಬೋರ್ಡು ನೆಡುವ ಕಡೆಯವರಿಗೆ ಇದು ಹೊಸದೇನಲ್ಲ.

2020ರ ಮೇ ತಿಂಗಳಲ್ಲಿ ಅಮೆರಿಕದ ಕೋರ್ಟು ಆ ಕೋಣೆಯ ಯಂತ್ರವನ್ನು ಮೇಲೆತ್ತಲು ಒಪ್ಪಿಗೆ ಕೊಟ್ಟಿತ್ತು. ಸತ್ತವರ ಸಮಾಧಿ ಕೆದಕಬೇಡಿ ಎಂಬ ವಿರೋಧವೂ ಎದ್ದಿತು. ಆ ವರ್ಷ ಕೆಲಸ ನಡೆಯಲಿಲ್ಲ. ಕಪಾಟಿನಲ್ಲಿ ಹಡಗಿನ ಕೀ ಇಟ್ಟುಕೊಂಡ ಹವ್ಯಾಸಿಗಳು ಮೊದಲು ನೋಡುವುದು ಅದರ ಗುಂಡಿಯನ್ನು. ಹೆಸರು ಗೊತ್ತಿಲ್ಲದ ಯಾರದೋ ಬೆರಳು ವರ್ಷಗಟ್ಟಲೆ ಒತ್ತಿ ಸವೆಸಿದ ಗುಂಡಿ ಅದು.