ಮದ್ಯ ತೊರೆದ ಬಾಬರ್ ಬಾದಶಹ



ಬಾಬರ್ ಎಂದರೆ 1526ರ ಪಾಣಿಪತ್ ಕದನ, ಮೊಘಲ್ ಸಾಮ್ರಾಜ್ಯದ ಸ್ಥಾಪನೆ ಎಂದು ಪರೀಕ್ಷೆಗೆ ಬರೆದು ನೀವು ಮರೆತಿರುತ್ತೀರಿ. ಅವನು ಕುಡಿತ ಬಿಟ್ಟ ಸಂಗತಿ ಪಾಠದಲ್ಲಿ ಬರುವುದಿಲ್ಲ. ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆಯ ಮೊಹಲ್ಲಾಗಳಲ್ಲೂ ಕುಡಿತದ ಮಾತನ್ನು ಬಾಗಿಲು ಹಾಕಿಕೊಂಡೇ ಆಡುತ್ತೇವೆ, ನಮ್ಮಲ್ಲಿ ಕುಡಿಯುವವರೇ ಇಲ್ಲವೆಂಬಂತೆ. ಬಾಬರನಾದರೋ ತನ್ನ ತುರ್ಕಿ ಭಾಷೆಯ ಆತ್ಮಕಥೆ ಬಾಬರ್‌ನಾಮಾದಲ್ಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟನು.

ಜಹೀರುದ್ದೀನ್ ಮುಹಮ್ಮದ್ ಬಾಬರ್ 1483ರ ಫೆಬ್ರವರಿ 14ರಂದು ಇಂದಿನ ಉಜ್ಬೇಕಿಸ್ತಾನದ ಅಂದಿಜಾನ್‌ನಲ್ಲಿ ಜನಿಸಿದನು. 1494ರಲ್ಲಿ ತಂದೆ ತೀರಿಕೊಂಡಾಗ ಇನ್ನೂ ಬಾಲಕನಾಗಿದ್ದವನೇ ಗದ್ದುಗೆ ಏರಬೇಕಾಯಿತು. ತಂದೆ ಕುಡಿಯುತ್ತಿದ್ದರೂ ಮಗ ಅದರ ಹತ್ತಿರ ಸುಳಿಯಲಿಲ್ಲ. 1506ರಲ್ಲಿ ಹೆರಾತ್‌ನ ಬಂಧುಗಳ ಔತಣದಲ್ಲಿ ಆಸೆಯಾದರೂ ತಡೆದುಕೊಂಡನು. ಆಮೇಲೆ ಕಾಬೂಲಿನಲ್ಲಿ ಚಟ ಹತ್ತಿತು. ನಲವತ್ತಕ್ಕೆ ಬಿಡಬೇಕೆಂದು ಮನಸ್ಸಿನಲ್ಲಿತ್ತು. ನಲವತ್ತು ದಾಟಿತು, ಚಟ ಬಿಡಲಿಲ್ಲ.

1527ರ ಫೆಬ್ರವರಿ 25. ರಾಣಾ ಸಂಗನ ಎದುರು ಖಾನ್ವಾ ಕದನ ಹತ್ತಿರವಾಗಿತ್ತು, ಸೈನ್ಯ ಧೈರ್ಯಗೆಟ್ಟಿತ್ತು. ಅಂದು ಬಾಬರನು ತೌಬಾ ಮಾಡಿದನು. ಬೆಳ್ಳಿ ಬಂಗಾರದ ಮದ್ಯದ ಪಾತ್ರೆಗಳನ್ನು ಒಡೆಸಿ ಚೂರುಗಳನ್ನು ಬಡವರಿಗೆ ಹಂಚಿಸಿದನು. ಇದ್ದ ಮದ್ಯವನ್ನು ನೆಲಕ್ಕೆ ಸುರಿಸಿದನು. ಒಂಟೆಗಳ ಮೇಲೆ ಆಗತಾನೆ ಘಜ್ನಿಯಿಂದ ಬಂದಿದ್ದಕ್ಕೆ ಉಪ್ಪು ಹಾಕಿಸಿ ವಿನೆಗರ್ ಮಾಡಿಸಿದನು. ಸುಮಾರು ಮುನ್ನೂರು ಮಂದಿ ಅವನೊಂದಿಗೆ ತೌಬಾ ಮಾಡಿದರು. ಮದ್ಯ ಸುರಿದ ಸ್ಥಳದಲ್ಲಿ ಕಲ್ಲುಕಟ್ಟಿನ ಬಾವಿ, ಪಕ್ಕದಲ್ಲಿ ಧರ್ಮಛತ್ರ ಕಟ್ಟಲು ಆಜ್ಞೆಯಾಯಿತು. 1528ರ ಹೊತ್ತಿಗೆ ಬಾವಿ ಸಿದ್ಧವಾಗಿತ್ತು.

ಇಲ್ಲಿಗೆ ಕಥೆ ಮುಗಿಸುವವರೇ ಹೆಚ್ಚು. ಆದರೆ ಪಾತ್ರೆ ಒಡೆದ ಮಾತ್ರಕ್ಕೆ ಆಸೆ ಒಡೆಯುವುದಿಲ್ಲ. ಎರಡು ವರ್ಷ ಆ ಬಯಕೆ ಅವನನ್ನು ಕಾಡಿತು, ಕೆಲವೊಮ್ಮೆ ಕಣ್ಣಲ್ಲಿ ನೀರು ಬರುವಷ್ಟು. ತೌಬಾ ಮಾಡಿ ಪಶ್ಚಾತ್ತಾಪ ಪಡುತ್ತಿದ್ದೇನೆಂದು ಕವಿತೆಯಲ್ಲಿ ಒಪ್ಪಿಕೊಂಡನು. ಮಾಜೂನ್ ಎಂಬ ಅಮಲಿನ ಲೇಹ್ಯವನ್ನಂತೂ ಬಿಡಲೇ ಇಲ್ಲ. ಇದನ್ನು ಮರೆಮಾಚಿ ಅವನನ್ನು ವಲಿಯಾಗಿಸುವುದು ಸರಿಯಲ್ಲ.

ಖಾಲಿಯಾದ ಹೊತ್ತನ್ನು ಏನು ಮಾಡಿದನು? 1528ರ ನವೆಂಬರಿನಲ್ಲಿ ಜ್ವರ ಬಂತು. ಖಸೀದಾ ಬುರ್ದಾ ರಚಿಸಿದ ಬೂಸೀರಿಯವರಿಗೆ ಪಾರ್ಶ್ವವಾಯು ವಾಸಿಯಾದದ್ದನ್ನು ನೆನೆದು, ಖ್ವಾಜಾ ಉಬೈದುಲ್ಲಾ ಅಹ್ರಾರ್ ಅವರ ವಾಲಿದಿಯ್ಯಾ ಗ್ರಂಥವನ್ನು ತುರ್ಕಿ ಪದ್ಯಕ್ಕೆ ತರಲು ಕುಳಿತನು. ಮೊದಲ ರಾತ್ರಿ ಹದಿಮೂರು ದ್ವಿಪದಿ. ದಿನಕ್ಕೆ ಹತ್ತಕ್ಕೆ ಕಡಿಮೆಯಿಲ್ಲವೆಂಬ ನೇಮ. ಒಂದು ದಿನ 52 ಆದವು. ಎರಡು ವಾರದೊಳಗೆ ಗ್ರಂಥ ಮುಗಿಯಿತು, ಜ್ವರವೂ ಇಳಿಯಿತು. ಅದೇ ತಿಂಗಳು ಹುಮಾಯೂನನಿಗೆ ಪತ್ರ ಬರೆದು, ಕಾಗುಣಿತ ತಪ್ಪಿದ್ದಕ್ಕೂ ಅರ್ಥವಾಗದಂತೆ ಬರೆದಿದ್ದಕ್ಕೂ ಗದರಿದನು. ಮೇಷ್ಟ್ರಾದ ನನಗೆ ಇದು ಬಹಳ ಹಿಡಿಸಿತು! ತಾನೇ ರೂಪಿಸಿದ ಬಾಬರಿ ಲಿಪಿಯ ಅಕ್ಷರಗಳನ್ನು ಮಕ್ಕಳಿಗೆ ಕಳುಹಿಸಿದನು. ಆಗ್ರಾದಲ್ಲಿ ತೋಟ, ಧೋಲ್‌ಪುರದಲ್ಲಿ ಬಂಡೆ ಕೊರೆದ ಕೊಳ ಮಾಡಿಸಿದನು. ಆಗ್ರಾದ ಕಟ್ಟಡಗಳಲ್ಲೇ ದಿನವೂ 680 ಕಲ್ಲುಕುಟಿಗರು ದುಡಿಯುತ್ತಿದ್ದರಂತೆ. 1529ರಲ್ಲಿ ಗಂಗಾ ನದಿಯನ್ನು ಈಜಿದನು. ಕೈಬೀಸಿದ್ದನ್ನು ಎಣಿಸಿದನು, ಮೂವತ್ಮೂರು.

ಆ ವರ್ಷದ ಫೆಬ್ರವರಿಯಲ್ಲಿ ಕಾಬೂಲಿನ ಹಳೆಯ ಗೆಳೆಯ ಖ್ವಾಜಾ ಕಲಾನ್‌ಗೆ ಬರೆದ ಪತ್ರದಲ್ಲಿ, ಬಯಕೆ ಈಗ ಹೋಗಿದೆ, ಬಹುಶಃ ಆ ಪದ್ಯಾನುವಾದದ ಬರಕತ್‌ನಿಂದ ಎಂದು ತಿಳಿಸಿ, ನೀನೂ ಬಿಡು ಎಂದು ಕರೆದನು. ನಿನ್ನ ಈಗಿನ ಜೊತೆಗಾರರನ್ನು ನೋಡಿದರೆ ಬಿಡುವುದು ಕಷ್ಟವಾಗಲಾರದು ಎಂದು ಚುಚ್ಚಿಯೂ ಇದ್ದನು.

ಒಂದು ಮಾತು ಸೇರಿಸಲೇಬೇಕು. ದಿನವೂ ವಿಪರೀತ ಕುಡಿಯುವವರು ಬಾಬರನಂತೆ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕಂಡೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ದ್ರಾಕ್ಷಿ ಬಳ್ಳಿ ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ಹೊಸದಲ್ಲ. ಬಾಬರನೂ ಆಗ್ರಾದ ಹಷ್ತ್ ಬಿಹಿಷ್ತ್ ತೋಟದಲ್ಲಿ ಒಂದೆರಡು ಬಳ್ಳಿ ಹಾಕಿಸಿದ್ದನು. 1529ರಲ್ಲಿ ಅವು ಫಲ ಕೊಟ್ಟವು. ಹಿಂದೂಸ್ತಾನದ ನೆಲದಲ್ಲಿ ದ್ರಾಕ್ಷಿ, ಕರಬೂಜ ಬೆಳೆದವಲ್ಲಾ ಎಂದು ತೃಪ್ತಿಪಟ್ಟನು. ಮರುವರ್ಷ ಡಿಸೆಂಬರ್ 26ರಂದು ಆಗ್ರಾದಲ್ಲೇ ತೀರಿಕೊಂಡನು. ಕಬರು ಕಾಬೂಲಿನ ತೋಟದಲ್ಲಿದೆ.