ಖಗೋಲ ವಿಜ್ಞಾನಿ ಡಾ. ವೈನು ಬಾಪ್ಪು

ನಮ್ಮ ಬೊಕ್ಕಾಪುರಂ ಮುದುಮಲೈ ಕಾಡಿನ ಅಂಚಿನ ಊರು. ಕತ್ತಲಾದ ಮೇಲೆ ಆನೆಯ ಭಯದಿಂದ ಯಾರೂ ಮನೆಯಿಂದ ದೂರ ಹೋಗುವುದಿಲ್ಲ. ಆದರೆ ಮೋಡವಿಲ್ಲದ ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಸಾಕು, ಪಟ್ಟಣದವರಿಗೆ ಕಾಣದಷ್ಟು ನಕ್ಷತ್ರಗಳು ನಮಗೆ ಕಾಣುತ್ತವೆ. ದಕ್ಷಿಣಕ್ಕೆ ಗೋಡೆಯಂತೆ ನಿಂತ ಬೆಟ್ಟವನ್ನು ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಹತ್ತಿದರೆ ಉದಕಮಂಡಲ. ಅದರಾಚೆ ಮುತ್ತೊರೈ ಎಂಬಲ್ಲಿ ಬೆಟ್ಟದ ಇಳಿಜಾರಿನ ಮೇಲೆ 530 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ದೊಡ್ಡ ಉಪಕರಣವಿದೆ. ಅದೇ ಉದಕಮಂಡಲದ ರೇಡಿಯೊ ದೂರದರ್ಶಕ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ನಮ್ಮ ದೇಶದ ಎಂಜಿನಿಯರುಗಳೂ ಕಾರ್ಖಾನೆಗಳೂ ಸೇರಿ ಅದನ್ನು ಕಟ್ಟಿದರು. 1970ರ ಫೆಬ್ರವರಿಯಲ್ಲಿ ಅದು ಆಕಾಶದ ರೇಡಿಯೊ ಅಲೆಗಳನ್ನು ಹಿಡಿಯತೊಡಗಿತು.

ಇಂಥ ಉಪಕರಣಗಳು ಎಲ್ಲಿ ಸಿಗುತ್ತವೆ? ಯಾರು ಮಾಡಿಕೊಡುತ್ತಾರೆ? ಹಣ ಕೊಡುವ ಸರ್ಕಾರ, ಬೇಕೆಂದು ಕೇಳುವ ವಿಜ್ಞಾನಿ, ಮಾಡಿಕೊಡುವ ಕಾರ್ಖಾನೆ, ಈ ಮೂವರೂ ಹೇಗೆ ಕೂಡಿ ಕೆಲಸ ಮಾಡಬೇಕು? ಈ ಪ್ರಶ್ನೆಗಳಿಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರಲ್ಲಿ ಡಾ. ವೈನು ಬಾಪ್ಪು ಮುಖ್ಯರು. ಗೋವಿಂದ ಸ್ವರೂಪರದು ರೇಡಿಯೊ ಅಲೆಗಳ ದಾರಿಯಾದರೆ, ಬಾಪ್ಪು ಅವರದು ಕಣ್ಣಿಗೆ ಕಾಣುವ ಬೆಳಕಿನ ದಾರಿ.

ಮನಾಲಿ ಕಲ್ಲಾಟ್ ವೈನು ಬಾಪ್ಪು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಮನೆತನ ಕೇರಳದ ತಲಶ್ಶೇರಿಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಬೇರೆ ಮಕ್ಕಳು ಗೋಲಿ, ಬುಗುರಿಗಳ ನಡುವೆ ಬೆಳೆಯುವಾಗ ಈ ಬಾಲಕ ದೂರದರ್ಶಕದ ಪಕ್ಕದಲ್ಲಿ ಬೆಳೆದ. ನಿಜಾಂ ಕಾಲೇಜಿನಲ್ಲಿ ಓದುವಾಗಲೇ ಬೆಳಕು ಹೆಚ್ಚುಕಡಿಮೆಯಾಗುವ ನಕ್ಷತ್ರಗಳ ವಿಷಯವಾಗಿ ಲೇಖನಗಳನ್ನು ಪ್ರಕಟಿಸಿದರು.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬಾಪ್ಪು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1949ರ ಜುಲೈ 2ರಂದು ರಾತ್ರಿ ತಾವು ತೆಗೆದ ಆಕಾಶದ ಛಾಯಾಚಿತ್ರದಲ್ಲಿ ಅವರು ಹೊಸದೊಂದು ಧೂಮಕೇತುವನ್ನು ಕಂಡರು. ಅವರ ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ನೆರವಿನಿಂದ ಅದು ಖಚಿತವಾಯಿತು. ಮೂವರ ಹೆಸರೂ ಸೇರಿ ಅದು ಬಾಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು ಎನಿಸಿತು. ಆಗ ಬಾಪ್ಪು ಅವರಿಗೆ 22 ವರ್ಷವೂ ತುಂಬಿರಲಿಲ್ಲ.

ಡಾಕ್ಟರೇಟ್ ಪಡೆದ ಮೇಲೆ ಅವರು ಪಾಲೊಮಾರ್ ಬೆಟ್ಟದ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ದೂರದರ್ಶಕ ಇದ್ದದ್ದು ಅಲ್ಲಿಯೇ. ಅಲ್ಲಿ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೊಡನೆ ಸೇರಿ ಅವರು ಕಂಡುಕೊಂಡ ಸಂಗತಿ 1957ರಲ್ಲಿ ಪ್ರಕಟವಾಯಿತು. ವಿಲ್ಸನ್-ಬಾಪ್ಪು ಪರಿಣಾಮ ಎಂದು ಅದು ಪ್ರಸಿದ್ಧವಾಗಿದೆ. ಅದನ್ನು ಹೀಗೆ ತಿಳಿಯಬಹುದು. ರಾತ್ರಿ ಕಾಡಿನಾಚೆ ಒಂದು ಬೆಳಕು ಕಂಡರೆ ಅದು ಹತ್ತಿರದ ಬುಡ್ಡಿದೀಪವೋ, ದೂರದ ಘಾಟಿಯಲ್ಲಿ ಇಳಿಯುತ್ತಿರುವ ಲಾರಿಯ ದೀಪವೋ ಹೇಳುವುದು ಕಷ್ಟ. ದೀಪದ ನಿಜವಾದ ಬೆಳಕು ಎಷ್ಟೆಂದು ಗೊತ್ತಾದರೆ ಮಾತ್ರ ಅದು ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂ ಧಾತುವಿನ ಒಂದು ಗೆರೆ ಕಾಣುತ್ತದೆ. ಕೆಲವು ಬಗೆಯ ನಕ್ಷತ್ರಗಳಲ್ಲಿ ಆ ಗೆರೆಯ ನಡುವೆ ಹೊಳೆಯುವ ಭಾಗದ ಅಗಲವು ನಕ್ಷತ್ರದ ನಿಜವಾದ ಬೆಳಕನ್ನು ತಿಳಿಸುತ್ತದೆ ಎಂಬುದೇ ಅವರ ಶೋಧನೆ. ನಕ್ಷತ್ರಗಳ ದೂರವನ್ನು ಅಳೆಯಲು ಇದೊಂದು ಹೊಸ ಅಳತೆಗೋಲಾಯಿತು.

ಇಷ್ಟೆಲ್ಲ ಅನುಕೂಲವಿದ್ದ ದೇಶವನ್ನು ಬಿಟ್ಟು ಬಾಪ್ಪು 1953ರಲ್ಲಿ ಭಾರತಕ್ಕೆ ಮರಳಿದರು. ಇಲ್ಲಿ ಅವರಿಗೆ ದೊಡ್ಡ ದೂರದರ್ಶಕವೇನೂ ಕಾದಿರಲಿಲ್ಲ. ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯವನ್ನು ವಾರಾಣಸಿಯಿಂದ ನೈನಿತಾಲಿನ ಬೆಟ್ಟಕ್ಕೆ ಒಯ್ದು ಬೆಳೆಸಿದರು. 1960ರಲ್ಲಿ ಕೊಡೈಕನಾಲಿನ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಹಳೆಯ ಸಂಸ್ಥೆ. ಆದರೆ ರಾತ್ರಿಯ ನಕ್ಷತ್ರಗಳನ್ನು ನೋಡಲು ಬೇರೆಯೇ ಜಾಗ ಬೇಕೆಂದು ಹುಡುಕಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. ನಮ್ಮ ಊರಿನಂತೆಯೇ ಅದೂ ಕಾಡಿನ ನಡುವಿನ ಸಣ್ಣ ಊರು. ಪಟ್ಟಣದ ದೀಪಗಳಿಂದ ದೂರವಿದ್ದುದೇ ಅದರ ಭಾಗ್ಯ.

ಇನ್ನು ಬೇಕಾದದ್ದು ದೂರದರ್ಶಕ. ಇಲ್ಲಿಯೇ ನಿಜವಾದ ಕಷ್ಟ ಎದುರಾಗುತ್ತದೆ. ಶಾಲೆಗೆ ಬೆಂಚು ಬೇಕಾದರೆ ಸರ್ಕಾರ ಟೆಂಡರು ಕರೆಯುತ್ತದೆ. ಉದ್ದ ಇಷ್ಟು, ಅಗಲ ಇಷ್ಟು, ಮರ ಇಂಥದು ಎಂದು ಬರೆದು ತಿಳಿಸುತ್ತದೆ. ಕಡಿಮೆ ಬೆಲೆ ಹೇಳಿದವರಿಗೆ ಗುತ್ತಿಗೆ ಕೊಡುತ್ತದೆ. ಬೆಂಚು ಬಂದ ಮೇಲೆ ಅಳತೆ ನೋಡಿ ಹಣ ಕೊಡುತ್ತದೆ. ಬೆಂಚನ್ನು ಅಳೆಯಲು ಎಲ್ಲರಿಗೂ ಬರುತ್ತದೆ. ಆದರೆ ದೇಶದಲ್ಲಿ ಹಿಂದೆ ಯಾರೂ ಮಾಡದ ವಸ್ತುವಿಗೆ ಅಳತೆ ಬರೆದುಕೊಡುವವರು ಯಾರು? ಮಾಡಿ ತಂದದ್ದು ಸರಿಯಾಗಿದೆಯೆಂದು ಒಪ್ಪಿ ಸಹಿ ಹಾಕುವವರು ಯಾರು? ಗುತ್ತಿಗೆ ಪಡೆದವನಷ್ಟೇ, ಕೆಲವು ಸಲ ಅವನಿಗಿಂತಲೂ ಹೆಚ್ಚಾಗಿ, ಗುತ್ತಿಗೆ ಕೊಟ್ಟವನಿಗೆ ಕೆಲಸ ಗೊತ್ತಿರಬೇಕಾಗುತ್ತದೆ.

ಬಾಪ್ಪು ಈ ಕಷ್ಟವನ್ನು ಮೂರು ಮೆಟ್ಟಿಲುಗಳಲ್ಲಿ ದಾಟಿದರು. ಮೊದಲನೆಯದಾಗಿ, ಕೊಡೈಕನಾಲಿನ ತಮ್ಮ ಸಂಸ್ಥೆಯಲ್ಲಿಯೇ 38 ಸೆಂಟಿಮೀಟರ್ ಕನ್ನಡಿಯ ಒಂದು ಸಣ್ಣ ದೂರದರ್ಶಕವನ್ನು ಮಾಡಿಸಿದರು. 1968ರಲ್ಲಿ ಕಾವಲೂರಿನಲ್ಲಿ ವೀಕ್ಷಣೆ ಆರಂಭವಾದದ್ದು ಅದರಿಂದಲೇ. ಎರಡನೆಯದಾಗಿ, ಪೂರ್ವ ಜರ್ಮನಿಯ ಯೇನಾದ ಕಾರ್ಲ್ ಝೈಸ್ ಕಾರ್ಖಾನೆಯಿಂದ ಒಂದು ಮೀಟರ್ ಕನ್ನಡಿಯ ದೂರದರ್ಶಕವನ್ನು ತರಿಸಿದರು. 1972ರಲ್ಲಿ ಅದು ಕಾವಲೂರಿನಲ್ಲಿ ನಿಂತಿತು. ಅದೇ ವರ್ಷ ಗುರುಗ್ರಹದ ಉಪಗ್ರಹ ಗ್ಯಾನಿಮೀಡಿನ ಸುತ್ತ ತೆಳುವಾದ ವಾಯುಮಂಡಲದ ಸುಳಿವು ಅದರಿಂದ ಸಿಕ್ಕಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೆ ಉಂಗುರಗಳಿರುವುದು ಗೊತ್ತಾದಾಗ ಆ ಘಟನೆಯನ್ನು ಕಂಡವರಲ್ಲಿ ಕಾವಲೂರಿನವರೂ ಇದ್ದರು.

ಈ ನಡುವೆ 1971ರಲ್ಲಿ ಕೊಡೈಕನಾಲಿನ ಸಂಸ್ಥೆಯು ಸರ್ಕಾರದ ಇಲಾಖೆಯಾಗಿ ಉಳಿಯದೆ ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಹಣ ಸರ್ಕಾರದ್ದೇ, ಆದರೆ ಕೆಲಸದ ಯೋಜನೆ ವಿಜ್ಞಾನಿಗಳ ಕೈಗೆ ಬಂತು. 1975ರಲ್ಲಿ ಅದರ ಮುಖ್ಯ ಕಛೇರಿ ನಮ್ಮ ಕನ್ನಡನಾಡಿನ ಬೆಂಗಳೂರಿಗೆ ಬಂದಿತು. ಕೋರಮಂಗಲದಲ್ಲಿ ಅದು ಇಂದಿಗೂ ಇದೆ.

ಮೂರನೆಯ ಮೆಟ್ಟಿಲೇ ಎಲ್ಲಕ್ಕಿಂತ ದೊಡ್ಡದು. 2.34 ಮೀಟರ್ ಕನ್ನಡಿಯ ದೂರದರ್ಶಕವನ್ನು ಭಾರತದಲ್ಲಿಯೇ ಕಟ್ಟಬೇಕೆಂದು ಬಾಪ್ಪು ನಿಶ್ಚಯಿಸಿದರು. ಹೊರದೇಶದಿಂದ ಕೊಂಡು ತಂದಿದ್ದರೆ ಬೇಗ ಆಗುತ್ತಿತ್ತು. ಅವರು ನಿಧಾನದ ದಾರಿಯನ್ನೇ ಹಿಡಿದರು. ಆದರೆ ಎಲ್ಲವನ್ನೂ ತಾವೇ ಮಾಡುತ್ತೇವೆಂಬ ಹಟವೂ ಅವರಿಗಿರಲಿಲ್ಲ. ಬಿಸಿಲು ಚಳಿಗೆ ಹಿಗ್ಗದೆ ಕುಗ್ಗದೆ ಇರುವ ಝೆರೊಡೂರ್ ಎಂಬ ಗಾಜನ್ನು ಜರ್ಮನಿಯ ಶಾಟ್ ಕಂಪನಿಯಿಂದ ತರಿಸಿದರು. ಕನ್ನಡಿಯನ್ನು ಹೊತ್ತು ನಿಲ್ಲುವ ಉಕ್ಕಿನ ರಚನೆಯ ವಿನ್ಯಾಸವನ್ನು ಟಾಟಾ ಕನ್ಸಲ್ಟಿಂಗ್ ಎಂಜಿನಿಯರ್ಸ್ ಸಂಸ್ಥೆಗೆ ವಹಿಸಿದರು. ಅದನ್ನು ತಯಾರಿಸುವ ಕೆಲಸವನ್ನು ಮಹಾರಾಷ್ಟ್ರದ ವಾಲ್‌ಚಂದ್‌ನಗರ ಇಂಡಸ್ಟ್ರೀಸ್‌ಗೆ ಕೊಟ್ಟರು. ಆದರೆ ದೂರದರ್ಶಕದ ಜೀವವೆನಿಸಿದ ಕನ್ನಡಿಯನ್ನು ಮಾತ್ರ ತಮ್ಮಲ್ಲಿಯೇ ಇಟ್ಟುಕೊಂಡರು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಎ. ಪಿ. ಜಯರಾಜನ್ ಮತ್ತು ಅವರ ಸಂಗಡಿಗರು ಆ ಗಾಜನ್ನು ಉಜ್ಜಿ, ಅಳೆದು, ಮತ್ತೆ ಉಜ್ಜಿ, ಮತ್ತೆ ಅಳೆದು ಹೊಳಪು ಕೊಟ್ಟರು. ಇಂಥ ಕನ್ನಡಿಯ ಮೈಯಲ್ಲಿ ಬೆಳಕಿನ ಅಲೆಯ ಉದ್ದದ ಒಂದು ಚೂರಿನಷ್ಟೂ ಏರುತಗ್ಗು ಇರಬಾರದು. ಹೆಚ್ಚು ಉಜ್ಜಿದರೆ ಮರಳಿ ತುಂಬಲು ಬರುವುದಿಲ್ಲ. ಅದು ವರ್ಷಗಳ ತಾಳ್ಮೆಯ ಕೆಲಸ.

ಈ ಜಾಗರೂಕತೆ ಅತಿಯಾಯಿತೆಂದು ಯಾರಿಗಾದರೂ ತೋರಬಹುದು. ಅಂಥವರು ಹಬಲ್ ಬಾಹ್ಯಾಕಾಶ ದೂರದರ್ಶಕದ ಕಥೆಯನ್ನು ನೆನೆಯಬೇಕು. ಅದರ ಕನ್ನಡಿ 2.4 ಮೀಟರ್, ಹೆಚ್ಚುಕಡಿಮೆ ಕಾವಲೂರಿನ ಕನ್ನಡಿಯಷ್ಟೇ. ಅಮೆರಿಕ ಸರ್ಕಾರದ ನಾಸಾ ಸಂಸ್ಥೆ 1977ರಲ್ಲಿ ಅದರ ಗುತ್ತಿಗೆಯನ್ನು ಪರ್ಕಿನ್-ಎಲ್ಮರ್ ಎಂಬ ಹೆಸರುವಾಸಿ ಕಂಪನಿಗೆ ಕೊಟ್ಟಿತು. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದ ಒಂದು ಭಾಗವು ಕೇವಲ 1.3 ಮಿಲಿಮೀಟರ್ ಆಚೀಚೆಯಾಗಿತ್ತು. ತಪ್ಪಿದೆಯೆಂದು ಬೇರೆ ಪರೀಕ್ಷೆಗಳು ಸೂಚಿಸಿದರೂ ಅವನ್ನು ನಂಬಲಿಲ್ಲ. ಕೆಲಸ ಕೊಟ್ಟವರೂ ಹತ್ತಿರದಿಂದ ನೋಡಿಕೊಳ್ಳಲಿಲ್ಲ. 1990ರ ಏಪ್ರಿಲ್‌ನಲ್ಲಿ ಹಬಲ್ ಆಕಾಶಕ್ಕೆ ಹೋದ ಮೇಲೆ ಚಿತ್ರಗಳು ಮಸುಕಾಗಿ ಬಂದವು. ಕನ್ನಡಿಯ ಅಂಚಿನಲ್ಲಿ ಕೂದಲೆಳೆಯ ಐವತ್ತನೆಯ ಒಂದು ಪಾಲಿನಷ್ಟು ತಪ್ಪು ಉಳಿದಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಮಂದದೃಷ್ಟಿಯವರಿಗೆ ಕನ್ನಡಕ ಹಾಕಿದಂತೆ, ಅದನ್ನು ಸರಿಪಡಿಸಬೇಕಾಯಿತು. ತಾನು ಮಾಡುವುದು ಉತ್ತಮ, ಆಳು ಮಾಡುವುದು ಹಾಳು ಎಂಬ ಗಾದೆ ನಮ್ಮಲ್ಲಿದೆ. ಆಳು ಮಾಡಿದ್ದೆಲ್ಲ ಹಾಳಾಗುವುದಿಲ್ಲ. ಮಾಡಿಸುವ ಯಜಮಾನ ನೋಡದಿದ್ದಾಗ ಮಾತ್ರ ಹಾಳಾಗುತ್ತದೆ.

ಬಾಪ್ಪು ಅವರ ಕೀರ್ತಿ ದೇಶದ ಎಲ್ಲೆಯನ್ನು ದಾಟಿತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಲ ಒಕ್ಕೂಟದ ಅಧ್ಯಕ್ಷರಾದರು. 1982ರ ಆಗಸ್ಟ್ ತಿಂಗಳಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಸಭೆ ಸೇರಿತು. ಅಧ್ಯಕ್ಷರು ಮಾತ್ರ ಅಲ್ಲಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆಂದು ಅವರು ಜರ್ಮನಿಯ ಮ್ಯೂನಿಕ್‌ನಲ್ಲಿದ್ದರು. ಮಹಾಸಭೆ ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು, ಅವರು ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತೇ ದಿನಗಳಾಗಿದ್ದವು. ಕಾವಲೂರಿನ ದೊಡ್ಡ ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ತಾವು ಕಟ್ಟಿಸಿದ ಕಣ್ಣಿನಿಂದ ಒಂದು ನಕ್ಷತ್ರವನ್ನೂ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಒಬ್ಬನೇ ಮನುಷ್ಯನ ಮೇಲೆ ನಿಂತ ಕೆಲಸವಾಗಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಕೆಲಸ ಬಲ್ಲ ಕೈಗಳನ್ನು ಅವರು ಬಿಟ್ಟುಹೋಗಿದ್ದರು. ಆ ಕೈಗಳು ಕೆಲಸವನ್ನು ಮುಗಿಸಿದವು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕವನ್ನು ಉದ್ಘಾಟಿಸಿದರು. ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಾಪ್ಪು ಅವರ ಹೆಸರನ್ನಿಟ್ಟರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ನಕ್ಷತ್ರಗಳು ಚೆಲ್ಲುವ ಅತಿನೇರಳೆ ಬೆಳಕಿನ ಬಹುಪಾಲನ್ನು ನಮ್ಮ ವಾಯುಮಂಡಲ ತಡೆದುಬಿಡುತ್ತದೆ. ಅದನ್ನು ನೋಡಬೇಕಾದರೆ ದೂರದರ್ಶಕವೇ ವಾಯುಮಂಡಲದ ಹೊರಗೆ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅಂಥ ಉಪಕರಣವಿತ್ತು. ಇಸ್ರೋ ಹಾಗೂ ಇತರ ಸಂಸ್ಥೆಗಳೊಡನೆ, ಕೆನಡಾ ದೇಶದ ನೆರವೂ ಸೇರಿ, ಅದನ್ನು ಸಿದ್ಧಪಡಿಸುವಲ್ಲಿ ಮುಂದಾಳಾಗಿದ್ದದ್ದು ಬಾಪ್ಪು ಕಟ್ಟಿದ ಸಂಸ್ಥೆಯೇ. ಬೆಂಗಳೂರಿನ ಬಳಿಯ ಹೊಸಕೋಟೆಯ ಪ್ರಯೋಗಾಲಯದಲ್ಲಿ ಅದರ ಭಾಗಗಳನ್ನು ಜೋಡಿಸಿದರು. ಅದರಲ್ಲಿದ್ದ ಎರಡು ದೂರದರ್ಶಕಗಳ ಕನ್ನಡಿಗಳ ಅಗಲ ಸುಮಾರು 38 ಸೆಂಟಿಮೀಟರ್. 1968ರಲ್ಲಿ ಕೊಡೈಕನಾಲಿನವರು ತಮ್ಮ ಕೈಯಿಂದ ಮಾಡಿ ಕಲಿತ ಮೊದಲ ದೂರದರ್ಶಕದ ಅಳತೆಯೂ ಅಷ್ಟೇ! ಮುಂದೆ 2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ನೋಡಲು ಹೊರಟ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವೂ ಹೊಸಕೋಟೆಯಲ್ಲಿಯೇ ಸಿದ್ಧವಾಗಿ ಇಸ್ರೋದ ಕೈ ಸೇರಿತು.

ವಿದ್ಯಾರ್ಥಿ ಮಿತ್ರರೇ, ಹಣವಿದ್ದರೆ ಉಪಕರಣವನ್ನು ಕೊಳ್ಳಬಹುದು. ಆದರೆ ಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವ ವಿದ್ಯೆಯನ್ನು ಕೊಳ್ಳಲಾಗುವುದಿಲ್ಲ. ಅದು ಚಿಕ್ಕದನ್ನು ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿದವನಿಗೆ ಮಾತ್ರ ಬರುತ್ತದೆ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂಗಡಿಯಿಂದ ತಂದ ಮಾದರಿಗಿಂತ, ವಕ್ರವಾಗಿದ್ದರೂ ನೀವೇ ಅಂಟಿಸಿ ಮಾಡಿದ ಮಾದರಿ ಏಕೆ ಮೇಲು ಎಂಬುದಕ್ಕೆ ವೈನು ಬಾಪ್ಪು ಅವರ ಬಾಳೇ ಸಾಕ್ಷಿ. ಈ ಸಲ ಮೋಡವಿಲ್ಲದ ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ಅವರನ್ನು ಒಮ್ಮೆ ನೆನೆಯೋಣ. ಕಾಡಿನ ನಡುವಿನ ಕಾವಲೂರಿಗೆ ಬಂದ ಭಾಗ್ಯದ ಮೊದಲ ಬಂಡವಾಳ ಕತ್ತಲ ಆಕಾಶ. ಅದು ನಮ್ಮ ಬೊಕ್ಕಾಪುರಂಗೂ ಇದೆ.